ಹಂಡೆಗೆ ತಕ್ಕ ಹೆಪ್ಪು

ಅಗರಖೇಡದ ನಮ್ಮ ಮನೆಯಲ್ಲಿ ಅಕ್ಕನ ಮದುವೆ. ಮಾಘ ಮಾಸದ ಚಳಿ. ಹಿಂದಿನ ರಾತ್ರಿ ಐವತ್ತು ಲೀಟರು ಹಾಲು ಕಾಸಿ ಹಂಡೆಯಲ್ಲಿ ಇಟ್ಟಿದ್ದರು. ಹೆಪ್ಪು ಹಾಕುವ ಕೆಲಸ ನನ್ನದು. ದಿನದಂತೆ ಒಂದೇ ಚಮಚ ಹಾಕಿ ಮಲಗಿದೆನು. ಬೆಳಗಾದಾಗ ಮೊಸರೂ ಇಲ್ಲ, ಹಾಲೂ ಇಲ್ಲ. ಕೆಟ್ಟ ವಾಸನೆಯೊಂದೇ ಇತ್ತು. ಬೀಗರ ಪಂಕ್ತಿಗೆ ಮಜ್ಜಿಗೆಯಿಲ್ಲದೆ ಅಪ್ಪ ತಲೆ ತಗ್ಗಿಸಬೇಕಾಯಿತು. ಅಜ್ಜಿ ಮಾತ್ರ ಬೈಯಲಿಲ್ಲ. “ಗಿಂಡಿಗೆ ಗಿಂಡೀ ಹೆಪ್ಪು, ಹಂಡೇಕ ಹಂಡೇ ಹೆಪ್ಪು ಬೇಕೋ ತಮ್ಮಾ” ಎಂದಳು.

ಈ ಮಾತಿನ ಒಳಗುಟ್ಟು ನನಗೆ ತಿಳಿದದ್ದು ಬೀರಿನ ವಿಷಯ ಓದಿದಾಗ. ಓದುಗರು ನಗಬಾರದು. ನಮ್ಮ ನಾಡಿನಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವದು 1965ರ ಅಬಕಾರಿ ಕಾಯ್ದೆಗೆ ವಿರುದ್ಧ. ಆದಕಾರಣ ಇದನ್ನು ತಿಳಿವಿಗಾಗಿ ಮಾತ್ರ ಓದತಕ್ಕದ್ದು. ಮನೆಯಲ್ಲಿಯೇ ಬೀರು ಮಾಡಲು ಅನುಮತಿಯಿರುವ ದೇಶಗಳಲ್ಲಿ ಜನರು ಇದೇ ಹೆಪ್ಪಿನ ಲೆಕ್ಕವನ್ನು ಹಾಕುತ್ತಾರೆ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟು. ಅದನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿದರೆ ಸಿಹಿ ರಸ ಬರುವದು. ಅದನ್ನು ಹಾಪ್ಸ್ ಹೂವಿನೊಡನೆ ಕುದಿಸಿ ಆರಿಸಿ ಯೀಸ್ಟು ಬೆರೆಸಿದರೆ, ಆ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುವವು. ಆದರೆ ಸಿಹಿ ರಸಕ್ಕೆ ಹಂಬಲಿಸುವದು ಯೀಸ್ಟೊಂದೇ ಅಲ್ಲ. ಬೇರೆ ಸೂಕ್ಷ್ಮಜೀವಿಗಳು ಬೀರನ್ನು ಕೆಡಿಸುತ್ತವೆಂದು ಲೂಯಿ ಪಾಶ್ಚರನು 1876ರ ತನ್ನ ಗ್ರಂಥದಲ್ಲಿ ವಿವರಿಸಿದನು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಹ್ಯಾನ್ಸನ್ನನು ಒಂದೇ ಜೀವಕೋಶದಿಂದ ಶುದ್ಧ ಯೀಸ್ಟನ್ನು ಬೆಳೆಸಿದನು. ಮೊದಲು ಸಂಖ್ಯೆ ಬೆಳೆಸಿಕೊಂಡವರದೇ ಪಾತ್ರೆ. ಇದೇ ಇಲ್ಲಿಯ ನ್ಯಾಯ.

ಇನ್ನು ಲೆಕ್ಕ. ಸಾಧಾರಣ ಬೀರಿನ 20 ಲೀಟರು ರಸಕ್ಕೆ ಸುಮಾರು 18,000 ಕೋಟಿ ಯೀಸ್ಟು ಕೋಶಗಳು ಬೇಕು. 100 ಲೀಟರಿಗೆ 90,000 ಕೋಟಿ. ತಾಜಾ ದ್ರವ ಯೀಸ್ಟಿನ ಪೊಟ್ಟಣದಲ್ಲಿರುವದು ಸುಮಾರು 10,000 ಕೋಟಿ. ಚೆನ್ನಾಗಿ ಬೆಳೆದ ಹೆಪ್ಪಿನ ಪ್ರತಿ ಲೀಟರಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಎಂದರೆ ನೂರು ಲೀಟರಿಗೆ ಹತ್ತು ಲೀಟರು ಹೆಪ್ಪು.

ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಬೆಳೆಸುವರು. ಲೀಟರು ನೀರಿಗೆ 100 ಗ್ರಾಮಿನಂತೆ ಒಣ ಮಾಲ್ಟು ಸಾರ ಕೂಡಿಸಿ, ಕಾಲು ತಾಸು ಕುದಿಸಿ, ಮುಚ್ಚಿ ಆರಿಸಬೇಕು. ಮೊದಲು ಎರಡು ಲೀಟರು ರಸದಲ್ಲಿ ಪೊಟ್ಟಣದ ಯೀಸ್ಟನ್ನು ಬೆರೆಸಿ, ಸಡಿಲಾಗಿ ಮುಚ್ಚಿ, ಆಗಾಗ ಅಲುಗಾಡಿಸಬೇಕು. ಗಟ್ಟಿಮುಟ್ಟಾದ ಕೋಶ ಕಟ್ಟಲು ಯೀಸ್ಟಿಗೆ ಗಾಳಿ ಬೇಕು. ಒಂದೆರಡು ದಿನಗಳ ಮೇಲೆ ತಂಪಿನಲ್ಲಿಟ್ಟು, ಮೇಲಿನ ತಿಳಿ ಬಸಿದು, ಅಡಿಯ ಗಸಿಯನ್ನು ಹತ್ತು ಲೀಟರು ಹೊಸ ರಸಕ್ಕೆ ಹಾಕಬೇಕು. 20ರಿಂದ 25 ಡಿಗ್ರಿ ಸೆಲ್ಸಿಯಸ್ ಕಾವು ಹಿತಕರ. ಭೀಮಾ ತೀರದ ನಮ್ಮ ಬೇಸಿಗೆ 40 ದಾಟುವದು. ಅಂಥಲ್ಲಿ ಪಾತ್ರೆಗೆ ಒದ್ದೆ ಗೋಣಿ ಸುತ್ತಿದರೂ ಸಾಲದು.

ಇಂದು ನಾವು ಎನ್‌ಜೈಮಿಗೆ ಬಳಸುವ ‘ಕಿಣ್ವ’ ಎಂಬ ಶಬ್ದವು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉದ್ದಿನ ಹಿಟ್ಟು, ಅಕ್ಕಿಗಳಿಂದ ಮಾಡಿದ ಮದ್ಯದ ಹೆಪ್ಪಿಗೇ ಇದ್ದ ಹೆಸರು. ಹೆಪ್ಪಿನ ಅರಿವು ಅಷ್ಟು ಹಳೆಯದು.

ಮುಂದೆ ತಂಗಿಯ ಮದುವೆಯಲ್ಲಿ ಹೆಪ್ಪಿನ ಕೆಲಸವನ್ನು ನಾನೇ ಕೇಳಿ ಪಡೆದೆನು. ಹಿಂದಿನ ದಿನವೇ ಚಮಚ ಹೆಪ್ಪಿನಿಂದ ಲೀಟರು ಮೊಸರು ಮಾಡಿಕೊಂಡು, ಬೆರಳು ತಾಳುವಷ್ಟು ಬಿಸಿಯಿದ್ದ ಹಂಡೆಯ ಹಾಲಿಗೆ ಅದನ್ನು ಕಲಸಿ ಕಂಬಳಿ ಹೊದಿಸಿದೆನು. ಬೆಳಿಗ್ಗೆ ಸೌಟು ನಿಲ್ಲುವಂಥ ಮೊಸರು. ಅಜ್ಜಿ ಆಗ ಇರಲಿಲ್ಲ. ಅವಳ ಲೆಕ್ಕ ಮಾತ್ರ ತಪ್ಪಿರಲಿಲ್ಲ.