ಒಂಬತ್ತು ವರ್ಷದ ಲೆಕ್ಕ

ಆದೇಶ ಬಂದ ಲಕೋಟೆಯನ್ನು ನಾನು ಒಲೆಗೆ ಹಾಕಿಬಿಟ್ಟಿದ್ದೆ. ಐದು ವರ್ಷದ ಓಡಾಟದಲ್ಲಿ ಮಾಡಿದ ತಪ್ಪುಗಳಲ್ಲಿ ಇಂದಿಗೂ ಮೊದಲು ನೆನಪಾಗುವುದು ಅದೇ.

ಅನುದಾನರಹಿತ ಹೈಸ್ಕೂಲೊಂದರಲ್ಲಿ 27 ವರ್ಷ ಗಣಿತ ಕಲಿಸಿ 2017ರ ಮೇ ತಿಂಗಳಲ್ಲಿ ನಿವೃತ್ತಳಾದೆ. ಮೂಲವೇತನ, ತುಟ್ಟಿಭತ್ಯೆ ಸೇರಿ ಕೊನೆಯ ಸಂಬಳ 26,000 ರೂಪಾಯಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ ಗ್ರಾಚ್ಯುಟಿ: 15,000. 27 ವರ್ಷಕ್ಕೆ 4,05,000 ಬರಬೇಕು. ಆಡಳಿತ ಮಂಡಳಿ ಕೊಟ್ಟದ್ದು 18 ವರ್ಷದ 2,70,000 ಮಾತ್ರ. ಮೊದಲ ಒಂಬತ್ತು ವರ್ಷ ನಾನು ಗೌರವಧನದ ಮೇಲಿದ್ದೆ, ಪ್ರತಿ ಬೇಸಿಗೆಗೂ ನನ್ನ ಸೇವೆ ಮುರಿದಿದೆ ಎಂದರು. ಚೆಕ್ಕಿನ ಜೊತೆಗಿದ್ದ ವೋಚರಿನಲ್ಲಿ ‘ಪೂರ್ತಿ ಮತ್ತು ಅಂತಿಮ’ ಎಂದಿತ್ತು. ಮಗಳ ಮದುವೆ ಹತ್ತಿರ ಬಂದಿತ್ತು, ಸಹಿ ಹಾಕಿದೆ. ‘ಆಕ್ಷೇಪಣೆಗೆ ಒಳಪಟ್ಟು ಪಡೆದಿದ್ದೇನೆ’ ಎಂದು ಸಹಿಯ ಮೇಲೆ ಒಂದು ಸಾಲು ಬರೆಯಬಹುದೆಂದು ಆಗ ನನಗೆ ಗೊತ್ತಿರಲಿಲ್ಲ.

ಆಮೇಲೆ ಆ ಒಂಬತ್ತು ವರ್ಷಕ್ಕಾಗಿ ಅರ್ಜಿ ಹಾಕಿದೆ. ಇಂಥ ಅರ್ಜಿಯನ್ನು ಆಗ ಮೊದಲು ವಿಚಾರಿಸುತ್ತಿದ್ದವರು ಕಾರ್ಮಿಕ ಇಲಾಖೆಯ ನಿಯಂತ್ರಣ ಪ್ರಾಧಿಕಾರಿ. 2019ರಲ್ಲಿ ಅಲ್ಲಿ ಸೋತೆ. ನೇಮಕಾತಿ ಆದೇಶವಿಲ್ಲ, ಬೇಸಿಗೆಯಲ್ಲಿ ಸಂಬಳವಿಲ್ಲ, ಆದ್ದರಿಂದ ಆ ವರ್ಷಗಳು ಲೆಕ್ಕಕ್ಕಿಲ್ಲ ಎಂದಿತ್ತು ಆದೇಶ. ಓದಿ, ಮಡಚಿ, ಟ್ರಂಕಿನ ತಳದಲ್ಲಿಟ್ಟೆ. ಆರು ವಾರ ಅದರ ಕಡೆ ನೋಡಲಿಲ್ಲ.

ಕೊನೆಗೆ ವಕೀಲೆಯೊಬ್ಬರ ಬಳಿ ಹೋದಾಗ ಅವರ ಮೊದಲ ಪ್ರಶ್ನೆಯೇ, ‘ಲಕೋಟೆ ಎಲ್ಲೈತ್ರಿ, ಅಕ್ಕೋರ?’ ಆದೇಶ ಕೈಸೇರಿದ 60 ದಿನದೊಳಗೆ ಮೇಲ್ಮನವಿ ಹಾಕಬೇಕು. ಸರಿಯಾದ ಕಾರಣ ತೋರಿಸಿದರೆ ಮೇಲ್ಮನವಿ ಪ್ರಾಧಿಕಾರಿ ಇನ್ನೂ 60 ದಿನ ಕೊಡಬಹುದು. ಅದಾದ ಮೇಲೆ ಏನೂ ಉಳಿಯದು. ಕೈಸೇರಿದ ದಿನಕ್ಕೆ ಲಕೋಟೆಯ ಅಂಚೆ ಮುದ್ರೆಯೇ ಸಾಕ್ಷಿ. ಅದಿಲ್ಲದ್ದರಿಂದ ಆದೇಶದ ತಾರೀಖಿನಿಂದಲೇ ಎಣಿಸಿದೆವು. ಉಳಿದದ್ದು ನಾಲ್ಕು ದಿನ. ಮನಸ್ಸಿಗೆ ಬೇಸರವಾಗಿತ್ತು ಎಂಬುದು ವಿಳಂಬಕ್ಕೆ ಕಾರಣವಾಗಿ ನಿಲ್ಲುವುದಿಲ್ಲ ಎಂದು ಅವರು ಮೆಲ್ಲಗೆ ಹೇಳಿದರು.

ಆ ರಾತ್ರಿ ಕೂತು ಹನ್ನೊಂದು ಪುಟ ಬರೆದೆ. ಮಳೆ ಸೋರುವ ಕೋಣೆ, ಗೌರವಧನಕ್ಕಾಗಿ ಕಾದ ತಿಂಗಳುಗಳು, ಮನೆಗೆ ಕರೆದು ಓದಿಸಿದ ಮಕ್ಕಳು, ಎಲ್ಲ ಅದರಲ್ಲಿತ್ತು. ವಕೀಲೆ ಪೂರ್ತಿ ಓದಿದರು. ‘ನಿಮ್ಮ ಕಷ್ಟ ಖರೇ ಐತ್ರಿ. ಆದ್ರ ಮ್ಯಾಲಿನವ್ರು ನೋಡೋದು ಈ ಆದೇಶಾನ. ಇದರಾಗ ಲೆಕ್ಕ ಎಲ್ಲಿ ತಪ್ಪೇತಿ, ಅದನ್ನ ತೋರಸ್ರಿ’ ಅಂದರು. ಮಕ್ಕಳ ಉತ್ತರಪತ್ರಿಕೆಯಲ್ಲಿ ಯಾವ ಹೆಜ್ಜೆಯಲ್ಲಿ ತಪ್ಪಾಯಿತೆಂದು ಜೀವನಪೂರ್ತಿ ಹುಡುಕಿದವಳು ನಾನು. ಆ ಮಾತಿನ ಅರ್ಥ ತಟ್ಟನೆ ಹೊಳೆಯಿತು. ಮೂರು ಪುಟದ ಮೇಲ್ಮನವಿ ಸಿದ್ಧವಾಯಿತು.

ಮೊದಲ ತಪ್ಪು: ನೌಕರನ ದೋಷವಿಲ್ಲದೆ ಕೆಲಸ ನಿಂತರೆ ಸೇವೆ ಮುರಿಯುವುದಿಲ್ಲ ಎಂದು ಆಗಿನ ಗ್ರಾಚ್ಯುಟಿ ಕಾಯ್ದೆಯ 2ಎ ಕಲಮು ಹೇಳುತ್ತಿತ್ತು. ಬೇಸಿಗೆ ರಜೆ ಕೊಟ್ಟು ಶಾಲೆ ಮುಚ್ಚಿದವಳು ನಾನಲ್ಲ. ಎರಡನೆಯದು, ಹಾಜರಿ ಪುಸ್ತಕ ಇದ್ದದ್ದು ಆಡಳಿತ ಮಂಡಳಿಯ ಕಪಾಟಿನಲ್ಲಿ, ಆದರೂ ಅದನ್ನು ತರಲಿಲ್ಲವೆಂಬ ಹೊರೆ ನನ್ನ ಮೇಲೆ ಬಿದ್ದಿತ್ತು. ವೋಚರಿನ ಸಹಿಯ ಮಾತಿಗೆ 14ನೇ ಕಲಮು ಉತ್ತರವಾಯಿತು. ಈ ಕಾಯ್ದೆಗೆ ವಿರುದ್ಧವಾದ ಯಾವ ಕರಾರೂ ಅದರ ಮುಂದೆ ನಿಲ್ಲುತ್ತಿರಲಿಲ್ಲ.

ಆ ಒಂಬತ್ತು ವರ್ಷದ ಕೆಲಸಕ್ಕೆ ಪುರಾವೆಯಾದ ಕಾಗದ ಸಿಕ್ಕಿದ್ದು ನಾನು ಎಣಿಸದ ಜಾಗದಲ್ಲಿ. ಮಾನ್ಯತೆ ನವೀಕರಣಕ್ಕೆಂದು ಶಾಲೆ ಹಿಂದೆ ಸಲ್ಲಿಸಿದ್ದ ಶಿಕ್ಷಕರ ಪಟ್ಟಿಗಳು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿದ್ದವು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಒಂಬತ್ತರಲ್ಲಿ ಏಳು ವರ್ಷದ ಪಟ್ಟಿಯಲ್ಲಿ ನನ್ನ ಹೆಸರು, ಎದುರಿಗೆ ‘ಗಣಿತ, ಪೂರ್ಣಾವಧಿ’. ಉಳಿದೆರಡು ವರ್ಷಕ್ಕೆ ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ಕರೆಪತ್ರಗಳನ್ನು ನಾನೇ ಎತ್ತಿಟ್ಟಿದ್ದೆ. ಮೊದಲ ವಿಚಾರಣೆಯಲ್ಲೇ ಇವನ್ನು ಕೊಟ್ಟಿದ್ದರೆ ಎರಡು ವರ್ಷ ಉಳಿಯುತ್ತಿತ್ತು. ಈಗ ಅವು ತಡವಾಗಿ ಬಂದದ್ದೇಕೆಂದು ಬೇರೆ ಅರ್ಜಿಯಲ್ಲಿ ವಿವರಿಸಬೇಕಾಯಿತು.

ಮೇಲ್ಮನವಿ ನನ್ನ ಪರವಾಯಿತು. ಆಡಳಿತ ಮಂಡಳಿ ರಿಟ್ ಅರ್ಜಿಯೊಂದಿಗೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಯಿತು. ಶಿಕ್ಷಕರು ಈ ಕಾಯ್ದೆಯ ‘ನೌಕರ’ರಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2009ರಲ್ಲಿ ಸಂಸತ್ತು ತಿದ್ದುಪಡಿ ತಂದು 1997ರ ಏಪ್ರಿಲ್ 3ರಿಂದಲೇ ನಮ್ಮನ್ನು ಒಳಗೆ ಸೇರಿಸಿತು. ಆ ತಿದ್ದುಪಡಿಗೇ ಖಾಸಗಿ ಶಾಲೆಗಳ ತಕರಾರಿತ್ತು, ನಮ್ಮ ಮಂಡಳಿಯ ರಿಟ್ಟಿನ ವಾದವೂ ಅದೇ. 2022ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನನ್ನ ಎದುರಿನ ರಿಟ್ ಅದಾದ ಮೇಲೆ ಹೆಚ್ಚು ದಿನ ಉಳಿಯಲಿಲ್ಲ.

1,35,000 ರೂಪಾಯಿ, ವರ್ಷಕ್ಕೆ ಶೇಕಡಾ 10ರ ಸರಳ ಬಡ್ಡಿಯೊಂದಿಗೆ ಬಂತು. ಬಡ್ಡಿಯನ್ನು ನಾನೇ ಒಮ್ಮೆ ಎಣಿಸಿ ನೋಡಿದೆ, ಸರಿಯಿತ್ತು.

ಹೋದ ತಿಂಗಳು ನನ್ನ ಹಳೆಯ ಸಹೋದ್ಯೋಗಿ, ಹಿಂದಿ ಕಲಿಸುತ್ತಿದ್ದವರು, ಮನೆಗೆ ಬಂದಿದ್ದರು. ಅವರದೂ ಗೌರವಧನದ ಆರು ವರ್ಷ ಬಿಟ್ಟುಹೋಗಿದೆ. ಆದೇಶ ಬಂದು ವಾರವಾಗಿತ್ತು, ಕಣ್ಣು ತುಂಬಿಕೊಂಡಿದ್ದರು. ಚಹಾ ಕೊಟ್ಟೆ, ಪಕ್ಕದಲ್ಲಿ ಕೂತೆ. ಆಮೇಲೆ ಕೇಳಿದೆ, ‘ಲಕೋಟೆ ಇಟ್ಟೀರೇನ್ರಿ?’