ಕೆಲಸದಿಂದ ಬಿಡಿಸುವ ರೀತಿ

ಕೆಲಸಕ್ಕೆ ಯೋಗ್ಯರನ್ನು ಆರಿಸುವುದು ಹೇಗೆ ಎಂದು ಬರೆದವರು ಬಹಳ. ಇದ್ದವನನ್ನು ಬಿಡಿಸುವುದು ಹೇಗೆ ಎಂಬ ವಿಚಾರವನ್ನು ನಾವು ಮಾಡುವುದೇ ಕಡಿಮೆ. ಅದು ಸಾಮಾನ್ಯವಾಗಿ ಸಿಟ್ಟಿನ ಒಂದು ಗಳಿಗೆಯಲ್ಲಿ ನಡೆದುಹೋಗುತ್ತದೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಒಕ್ಕಲುತನದ ಮನೆಗಳಲ್ಲಿ ಆಳನ್ನು ಯುಗಾದಿಯಿಂದ ಯುಗಾದಿಗೆ ಗೊತ್ತುಮಾಡಿಕೊಳ್ಳುವ ರೂಢಿಯಿತ್ತು. ಹಬ್ಬಕ್ಕೆ ಲೆಕ್ಕ ತೀರುವುದು. ಮನಸ್ಸಿದ್ದರೆ ಮತ್ತೊಂದು ವರ್ಷ, ಇಲ್ಲದಿದ್ದರೆ ಬೇರೆ ಮನೆ. ಈ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ. ಮುಂಗಡದ ಸಾಲ ತೀರದವನಿಗೆ ಹಬ್ಬ ಬಂದರೂ ಬಿಡುಗಡೆಯಿರಲಿಲ್ಲ. ಅಂಥ ಜೀತವನ್ನು 1976ರ ಕಾಯಿದೆ ರದ್ದುಮಾಡಿತು. ಆದರೂ ಮೊದಲೇ ಗೊತ್ತಾದ ದಿನವೊಂದಿದ್ದುದರಿಂದ ಸಿಟ್ಟು ಆರುವುದಕ್ಕೆ ಸಮಯ ಸಿಗುತ್ತಿತ್ತೆಂಬುದನ್ನು ಒಪ್ಪಬೇಕು.

ಕಾನೂನು ಮಾಡುವುದೂ ಇದನ್ನೇ. ಕೆಲವು ಅಪವಾದಗಳನ್ನು ಬಿಟ್ಟರೆ, ಸಂವಿಧಾನದ 311ನೆಯ ಅನುಚ್ಛೇದದಂತೆ ಸರಕಾರಿ ನೌಕರನಿಗೆ ಅವನ ಮೇಲಿನ ಆರೋಪವನ್ನು ತಿಳಿಸಿ, ವಿಚಾರಣೆ ನಡೆಸಿ, ಅವನ ಮಾತನ್ನು ಕೇಳಿದ ಹೊರತು ವಜಾ ಮಾಡುವಂತಿಲ್ಲ. ಅಂಗಡಿಗಳಿಗೆ ಸಂಬಂಧಿಸಿದ ನಮ್ಮ ರಾಜ್ಯದ 1961ರ ಕಾಯಿದೆಯ 39ನೆಯ ಕಲಮು, ಸತತವಾಗಿ ಆರು ತಿಂಗಳು ದುಡಿದವನನ್ನು ಯೋಗ್ಯ ಕಾರಣವಿಲ್ಲದೆ ತೆಗೆಯಬಾರದೆನ್ನುತ್ತದೆ. ತೆಗೆಯುವುದಾದರೆ ಒಂದು ತಿಂಗಳ ನೋಟೀಸು ಕೊಡಬೇಕು, ಇಲ್ಲವೆ ಆ ತಿಂಗಳ ಪಗಾರ ಕೊಡಬೇಕು. ದುರ್ನಡತೆಯ ಆರೋಪಕ್ಕೆ ವಿಚಾರಣೆಯಲ್ಲಿ ತಕ್ಕ ಸಾಕ್ಷ್ಯ ದೊರೆತಿದ್ದರೆ ಮಾತ್ರ ನೋಟೀಸು ಬೇಕಿಲ್ಲ.

ಈ ಕಲಮನ್ನು ಓದುವಾಗ ನನಗೆ ನಮ್ಮ ತಂದೆಯವರ ಸಂಗತಿ ನೆನಪಾಯಿತು. ಏಳನೆಯ ಇಯತ್ತೆಯವರೆಗೆ ಓದಿದ ಅವರು ಒಂದು ಕಿರಾಣಿ ಅಂಗಡಿಯಲ್ಲಿ ಹನ್ನೊಂದು ವರ್ಷ ಕೀರ್ದಿ ಬರೆದರು. ಒಂದು ಸಂತೆಯ ದಿನ ಗಲ್ಲೆಯಲ್ಲಿ ನಾಲ್ಕುನೂರು ರೂಪಾಯಿ ಕಡಿಮೆ ಬಂತು. ಗಿರಾಕಿಗಳು ನಿಂತಿರುವಾಗಲೇ ಮಾಲಕರು, “ನಾಳಿಂದ ಅಂಗಡಿ ಹತ್ತಬ್ಯಾಡ” ಎಂದುಬಿಟ್ಟರು. ಎಂಟು ದಿನಗಳ ಮೇಲೆ ತಿಳಿಯಿತು: ಅವರ ಮಗನೇ ಲಾರಿ ಬಾಡಿಗೆಗೆಂದು ಹಣ ತೆಗೆದುಕೊಟ್ಟು, ಬರೆಸುವುದನ್ನು ಮರೆತಿದ್ದನು. ಮಾಲಕರು ಹೇಳಿಕಳಿಸಿದರು, ತಂದೆಯವರು ಹೋಗಲಿಲ್ಲ. ಅವರೇನು ಕೆಟ್ಟವರಲ್ಲ, ನನ್ನ ಶಾಲೆಯ ಫೀಗೆ ಎರಡು ಸಲ ಹಣ ಕೊಟ್ಟವರು. ಆದರೆ ಅವರು ಸಿಟ್ಟಿನಲ್ಲಿ ಆಡಿದ್ದನ್ನು ಸಂತೆಯೆಲ್ಲ ಕೇಳಿತ್ತು; ಹೇಳಿಕಳಿಸಿದ್ದು ತಿಳಿದದ್ದು ನಮ್ಮ ಮನೆಯವರಿಗೆ ಮಾತ್ರ.

ಅಂದು ಸಂಜೆ ಬಾಗಿಲು ಹಾಕಿದ ಮೇಲೆ ಮಗನನ್ನೂ ಕರೆದು, ಕೀರ್ದಿಯನ್ನು ಮುಂದಿಟ್ಟುಕೊಂಡು ಕುಳಿತಿದ್ದರೆ ಅರ್ಧ ತಾಸು ಸಾಕಾಗುತ್ತಿತ್ತು. ತಪ್ಪು ನಿಜವೇ ಆಗಿದ್ದರೂ ಕಾರಣವನ್ನು ನಾಲ್ಕು ಮಾತಿನಲ್ಲಿ ಹೇಳಿ, ಅಂದಿನವರೆಗಿನ ಪಗಾರವನ್ನು ಎಣಿಸಿಕೊಟ್ಟು, ಇಷ್ಟು ವರ್ಷ ದುಡಿದರೆಂದು ಒಂದು ಚೀಟಿ ಬರೆದುಕೊಡಬಹುದಾಗಿತ್ತು. ಊರಿಗೆ ಹೇಳಬೇಕಾದದ್ದು ಏನೂ ಇರಲಿಲ್ಲ.

ಸಿಟ್ಟೊಂದೇ ಅಡ್ಡ ಬರುತ್ತದೆಂದೂ ಅಲ್ಲ. ಮುಖ ನೋಡಿ ಹೇಳಲಾರದೆ ಕೆಲಸ ಕಡಿಮೆ ಮಾಡುತ್ತ, ಮಾತು ಬಿಡುತ್ತ, ತಾನಾಗಿಯೇ ಹೋಗಲೆಂದು ಕಾಯುವವರೂ ಉಂಟು. ಇದಕ್ಕೆ ಅವರು ದಾಕ್ಷಿಣ್ಯವೆಂದು ಹೆಸರಿಡುತ್ತಾರೆ. ಬೇರೆ ಕೆಲಸ ಹುಡುಕಿಕೊಳ್ಳಬೇಕಾದವನ ದಿನಗಳು ಅದರಲ್ಲಿ ಕಳೆಯುತ್ತವೆ. ನಮ್ಮ ತಂದೆಯವರಿಗೆ ಮತ್ತೊಂದು ಕೆಲಸ ಸಿಗಲು ಏಳು ತಿಂಗಳು ಹಿಡಿಯಿತು. ಹೋದಲ್ಲೆಲ್ಲ ಮೊದಲು ಕೇಳಿದ್ದು, “ಅಲ್ಲಿಂದ ಯಾಕ ಬಿಡಿಸಿದ್ರು?” ಎಂದು.