ಚಂದ್ರಲೋಕಕ್ಕೆ ಮರುಪಯಣ

ಚಂದ್ರನು ನಮಗೆ ಹೊಸಬನಲ್ಲ. ಕೂಸಿಗೆ ತುತ್ತುಣಿಸುವ ತಾಯಿ ಅವನನ್ನು ಅಂಗಳಕ್ಕೆ ಕರೆದಳು. ಕವಿಯು ಅವನನ್ನು ಚೆಲುವೆಯ ಮೊಗಕ್ಕೆ ಹೋಲಿಸಿದನು. ಪಂಚಾಂಗದವನು ಅವನ ಗತಿಯನ್ನು ಗುಣಿಸಿ ನಮ್ಮ ಹಬ್ಬಹರಿದಿನಗಳನ್ನು ಗೊತ್ತುಮಾಡಿದನು. ಅಂಥ ಚಂದ್ರನ ನೆಲದ ಮೇಲೆ 1969ನೆಯ ಇಸವಿ ಜುಲೈ 20ರಂದು ಅಮೆರಿಕದ ಅಪೊಲೋ 11 ನೌಕೆಯು ಇಬ್ಬರು ಮಾನವರನ್ನು ಇಳಿಸಿತು. ಮೂರೂವರೆ ವರ್ಷಗಳೊಳಗೆ ಇಂಥ ಆರು ಯಾತ್ರೆಗಳು ನಡೆದು ಹನ್ನೆರಡು ಮಂದಿ ಅಲ್ಲಿ ನಡೆದಾಡಿದರು. 1972ರ ಡಿಸೆಂಬರಿನಲ್ಲಿ ಅಪೊಲೋ 17ರ ಯೂಜೀನ್ ಸರ್ನನ್ ಮತ್ತು ಹ್ಯಾರಿಸನ್ ಸ್ಮಿಟ್ ಎಂಬ ಇಬ್ಬರು ಅಲ್ಲಿಂದ ಹೊರಟುಬಂದ ಮೇಲೆ ಅರ್ಧ ಶತಮಾನವೇ ಕಳೆದುಹೋಯಿತು.

ಈಗ ಮತ್ತೆ ಅಲ್ಲಿಗೆ ಮಾನವರನ್ನು ಕಳುಹಿಸುವ ಸಿದ್ಧತೆಗಳು ನಡೆದಿವೆ. ಇದನ್ನು ಕೇಳಿದವರ ಮನಸ್ಸಿನಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ: ಒಮ್ಮೆ ಸಾಧಿಸಿದ ಕೆಲಸವನ್ನು ಎರಡನೆಯ ಬಾರಿ ಮಾಡಲು ಇಷ್ಟು ತಡವೇಕೆ, ಇಷ್ಟು ತೊಡಕೇಕೆ? ನಾನು ರಾಜ್ಯಶಾಸ್ತ್ರದ ವಿದ್ಯಾರ್ಥಿ. ಯಂತ್ರವಿದ್ಯೆ ನನ್ನ ವಿಷಯವಲ್ಲ. ಆದರೂ ಈ ಪ್ರಶ್ನೆಯ ಬೆನ್ನುಹತ್ತಿ ಓದಿದಷ್ಟೂ, ಅದರ ಅರ್ಧ ಉತ್ತರವು ಯಂತ್ರದಲ್ಲಿಯೂ ಉಳಿದರ್ಧವು ರಾಜ್ಯಶಾಸ್ತ್ರದಲ್ಲಿಯೂ ಇದೆಯೆಂದು ನನಗೆ ತೋರಿತು.

ಮೊದಲನೆಯ ಯಾತ್ರೆಗಳು ನಿಂತುದೇಕೆಂಬುದನ್ನು ಮೊದಲು ನೋಡೋಣ. 1961ರ ಏಪ್ರಿಲ್ 12ರಂದು ಸೋವಿಯತ್ ರಷ್ಯದ ಯೂರಿ ಗಗಾರಿನ್ ಭೂಮಿಯನ್ನು ಸುತ್ತಿ ಬಂದನು. ಆರು ವಾರಗಳು ಕಳೆದು, ಮೇ 25ರಂದು, ಅಮೆರಿಕದ ಅಧ್ಯಕ್ಷ ಕೆನೆಡಿ ಆ ದಶಕವು ಮುಗಿಯುವುದರೊಳಗೆ ಮಾನವನನ್ನು ಚಂದ್ರನ ಮೇಲಿಳಿಸಿ ಸುರಕ್ಷಿತವಾಗಿ ಹಿಂದಕ್ಕೆ ತರಬೇಕೆಂದು ಸಾರಿದರು. ಎರಡು ಮಹಾರಾಷ್ಟ್ರಗಳ ಪಂತವೇ ಅದರ ಬೆನ್ನಿಗಿದ್ದ ಬಲ. ಆ ಪಂತಕ್ಕಾಗಿ 1966ರಲ್ಲಿ ಅಮೆರಿಕವು ತನ್ನ ಕೇಂದ್ರ ಸರ್ಕಾರದ ವೆಚ್ಚದಲ್ಲಿ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಪಾಲನ್ನು ವ್ಯೋಮಸಂಸ್ಥೆಯಾದ ನಾಸಾಕ್ಕೆ ಕೊಟ್ಟಿತು. ಪಂತವನ್ನು ಗೆದ್ದ ಮೇಲೆ ಬೊಕ್ಕಸದ ಬಾಯಿ ಮುಚ್ಚಿತು. 1970ರಲ್ಲಿಯೇ ಅಪೊಲೋ 18, 19 ಮತ್ತು 20 ರದ್ದಾದುವು. ಹೋಗುವುದೇ ಗುರಿಯಾಗಿದ್ದುದರಿಂದ, ಹೋಗಿ ಬಂದೊಡನೆ ಗುರಿಯು ತೀರಿತು.

ಅನಂತರ 1989ರಲ್ಲಿ ಒಮ್ಮೆ, 2004ರಲ್ಲಿ ಇನ್ನೊಮ್ಮೆ ಚಂದ್ರನಿಗೆ ಮರಳುವ ಘೋಷಣೆಗಳಾದುವು. ಮೊದಲನೆಯದು ವೆಚ್ಚದ ಲೆಕ್ಕ ಕೇಳಿದೊಡನೆ ಸೊರಗಿತು. ಎರಡನೆಯದನ್ನು 2010ರಲ್ಲಿ ಕೈಬಿಡಲಾಯಿತು. 2017ರ ಡಿಸೆಂಬರಿನಲ್ಲಿ ಹೊರಟ ಆಜ್ಞೆಯಿಂದ ಇಂದಿನ ಯೋಜನೆ ಹುಟ್ಟಿತು. 2019ರಲ್ಲಿ ಅದಕ್ಕೆ ಗ್ರೀಕ್ ಪುರಾಣದ ಅಪೊಲೋ ದೇವನ ಅವಳಿ ಸೋದರಿಯಾದ ಆರ್ಟೆಮಿಸ್‌ಳ ಹೆಸರನ್ನಿಟ್ಟರು. ಆ ವರ್ಷ ಇಳಿಯಲು ಗೊತ್ತುಮಾಡಿದ್ದ ಗಡುವು 2024. ಆ ವರ್ಷವು ಬಂದು ಹೋಯಿತು, ಯಾರೂ ಇಳಿಯಲಿಲ್ಲ.

ಈ ಯೋಜನೆಯು ಹಿಂದಿನದಕ್ಕಿಂತ ಭಿನ್ನವಾಗಿರುವುದು ಇಳಿಯುವ ಜಾಗದಲ್ಲಿ. ಅಪೊಲೋ ಯಾತ್ರಿಕರೆಲ್ಲರೂ ಚಂದ್ರನ ನಡುಗಟ್ಟಿಗೆ ಹೆಚ್ಚು ದೂರವಲ್ಲದ ನೆಲದಲ್ಲಿ ಹಗಲಿನಲ್ಲಿ ಇಳಿದು, ಹಗಲಿರುವಾಗಲೇ ಹೊರಟುಬಂದರು. ಎಲ್ಲರಿಗಿಂತ ಹೆಚ್ಚು ಕಾಲ ತಂಗಿದ ಅಪೊಲೋ 17ರವರು ಇದ್ದುದು ಸುಮಾರು 75 ಗಂಟೆ. ಅಲ್ಲಿನ ಇರುಳು ನಮ್ಮ ಹದಿನಾಲ್ಕು ದಿನಗಳಷ್ಟು ಉದ್ದ. ಆ ಇರುಳನ್ನು ಯಾವ ಮಾನವನೂ ಅಲ್ಲಿ ಕಳೆದಿಲ್ಲ. ಈಗ ಆರಿಸಿರುವುದು ದಕ್ಷಿಣ ಧ್ರುವದ ಸುತ್ತಣ ಪ್ರದೇಶ. ಚಂದ್ರನ ಅಕ್ಷವು ಸುಮಾರು ಒಂದೂವರೆ ಡಿಗ್ರಿಯಷ್ಟು ಮಾತ್ರ ಓರೆಯಾಗಿರುವುದರಿಂದ, ಧ್ರುವದಲ್ಲಿ ಸೂರ್ಯನು ದಿಗಂತದ ಅಂಚಿನಲ್ಲಿಯೇ ಸುಳಿಯುತ್ತಾನೆ. ಆದುದರಿಂದ ಕೆಲವು ಎತ್ತರದ ದಿಬ್ಬಗಳಿಗೆ ವರ್ಷದ ಬಹುಭಾಗ ಬಿಸಿಲು ದೊರೆಯುತ್ತದೆ; ಪಕ್ಕದ ಆಳವಾದ ಕುಳಿಗಳ ತಳಕ್ಕೆ ಕೋಟ್ಯಂತರ ವರ್ಷಗಳಿಂದ ಬಿಸಿಲೇ ಬಿದ್ದಿಲ್ಲ. ಸೊನ್ನೆಗಿಂತ 200 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿನ ಆ ಚಳಿಯಲ್ಲಿ ನೀರು ಗಡ್ಡೆಕಟ್ಟಿ ಉಳಿದಿದೆ.

ಈ ನೀರಿನ ಸುಳಿವು ದೊರೆತ ಕತೆಯಲ್ಲಿ ನಮ್ಮ ನಾಡಿಗೂ ಪಾಲುಂಟು. 2008ರ ಅಕ್ಟೋಬರ್ 22ರಂದು ಶ್ರೀಹರಿಕೋಟೆಯಿಂದ ಹೊರಟ ಚಂದ್ರಯಾನ 1ರ ಸಂದೇಶಗಳನ್ನು ಹಿಡಿಯಲೆಂದು ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿ 32 ಮೀಟರ್ ಅಗಲದ ಆಂಟೆನಾವನ್ನು ನಿಲ್ಲಿಸಿದರು. ಆ ನೌಕೆಯಲ್ಲಿದ್ದ ಅಮೆರಿಕದ ಒಂದು ಉಪಕರಣವು ಚಂದ್ರನ ಮಣ್ಣಿನಲ್ಲಿ ನೀರಿನ ಗುರುತನ್ನು ಕಂಡಿತೆಂದು 2009ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಅದೇ ಅಕ್ಟೋಬರಿನಲ್ಲಿ ಅಮೆರಿಕದವರು ಕಬೇಯಸ್ ಎಂಬ ಧ್ರುವದ ಕುಳಿಗೆ ಒಂದು ರಾಕೆಟ್ ಭಾಗವನ್ನು ಅಪ್ಪಳಿಸಿ, ಎದ್ದ ಧೂಳಿನಲ್ಲಿ ನೀರಿರುವುದನ್ನು ಕಂಡರು. ನೀರಿದ್ದರೆ ಕುಡಿಯಬಹುದು, ವಿದ್ಯುತ್ತಿನಿಂದ ಒಡೆದರೆ ಉಸಿರಾಡಲು ಆಮ್ಲಜನಕ, ರಾಕೆಟ್ಟಿಗೆ ಇಂಧನವಾಗಿ ಜಲಜನಕ ದೊರೆಯುತ್ತದೆ. ಭೂಮಿಯಿಂದ ಒಂದೊಂದು ಕೊಡ ನೀರನ್ನು ಹೊತ್ತುಕೊಂಡು ಹೋಗಿ ಅಲ್ಲಿ ಬೀಡುಬಿಡುವುದು ಆಗದ ಮಾತು.

ಇನ್ನು ಯಂತ್ರದ ತೊಡಕುಗಳು. ಅಪೊಲೋ ಕಾಲದಲ್ಲಿ ಒಂದೇ ಸ್ಯಾಟರ್ನ್ 5 ರಾಕೆಟ್ಟು ಯಾತ್ರಿಕರ ನೌಕೆಯನ್ನೂ ಇಳಿಯುವ ನೌಕೆಯನ್ನೂ ಒಟ್ಟಿಗೆ ಹೊತ್ತೊಯ್ದಿತು. 2022ರ ನವೆಂಬರ್ 16ರಂದು ಮೊದಲ ಬಾರಿ ಹಾರಿದ ಹೊಸ ರಾಕೆಟ್ಟಿಗೆ ಓರಾಯನ್ ಎಂಬ ಯಾತ್ರಿಕರ ನೌಕೆಯೇ ಸಾಕಷ್ಟು ಹೊರೆ. ಆದುದರಿಂದ ಇಳಿಯುವ ನೌಕೆಯನ್ನು ಬೇರೆಯಾಗಿ ಕಳುಹಿಸಲು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿದ್ದಾರೆ: 2021ರಲ್ಲಿ ಸ್ಪೇಸ್‌ಎಕ್ಸ್‌ಗೆ, 2023ರಲ್ಲಿ ಬ್ಲೂ ಒರಿಜಿನ್‌ಗೆ. ಸ್ಪೇಸ್‌ಎಕ್ಸ್‌ನ ನೌಕೆ ಎಷ್ಟು ದೊಡ್ಡದೆಂದರೆ ಅದು ಭೂಮಿಯ ಸುತ್ತ ತಿರುಗುತ್ತಿರುವಾಗಲೇ ಬೇರೆ ನೌಕೆಗಳು ಹಲವು ಸಲ ಹೋಗಿ ಅದರ ತೊಟ್ಟಿಯನ್ನು ತುಂಬಬೇಕು. ದ್ರವರೂಪದ ಆಮ್ಲಜನಕವು ಸೊನ್ನೆಗಿಂತ 183 ಡಿಗ್ರಿ ಕೆಳಗೇ ಕುದಿದು ಆವಿಯಾಗತಕ್ಕದ್ದು. ಅದನ್ನು ತೂಕವಿಲ್ಲದ ಬಯಲಿನಲ್ಲಿ ಒಂದು ನೌಕೆಯಿಂದ ಇನ್ನೊಂದಕ್ಕೆ ಸುರಿಯುವುದು ಹುಡುಗಾಟವಲ್ಲ.

ಹಿಂದಕ್ಕೆ ಬರುವುದೂ ಅಷ್ಟೇ ಕಷ್ಟ. ಚಂದ್ರನಿಂದ ಮರಳುವ ನೌಕೆಯು ಗಂಟೆಗೆ ಸುಮಾರು 40,000 ಕಿಲೋಮೀಟರ್ ವೇಗದಿಂದ ನಮ್ಮ ವಾಯುಮಂಡಲವನ್ನು ಹೊಗುತ್ತದೆ. ಯಾತ್ರಿಕರಿಲ್ಲದೆ ಹೋಗಿ 2022ರ ಡಿಸೆಂಬರ್ 11ರಂದು ಮರಳಿದ ಆರ್ಟೆಮಿಸ್ 1ರಲ್ಲಿ, ಶಾಖವನ್ನು ತಡೆಯುವ ಕವಚದ ಸುಟ್ಟ ಪದರವು ಎಣಿಸಿದಂತೆ ಸಮನಾಗಿ ಸವೆಯದೆ ಚೂರುಚೂರಾಗಿ ಕಳಚಿತ್ತು. ಒಳಗೆ ಹುಟ್ಟಿದ ಅನಿಲಗಳು ಹೊರಬರಲು ದಾರಿಯಿಲ್ಲದೆ ಬಿರುಕು ಬಿಡಿಸಿದುವೆಂದು ತಿಳಿಯಲು ಎರಡು ವರ್ಷ ಹಿಡಿಯಿತು. ಒಳಗೆ ಜೀವವಿಲ್ಲದಾಗಲೇ ಈ ದೋಷವು ಕಂಡುದು ಒಳ್ಳೆಯದಾಯಿತು. ಎರಡನೆಯ ಯಾತ್ರೆಗೆ 2023ರಲ್ಲಿ ಆರಿಸಿದ ನಾಲ್ವರಲ್ಲಿ ಕ್ರಿಸ್ಟಿನಾ ಕಾಕ್ ಎಂಬ ಮಹಿಳೆಯೂ ಕೆನಡಾದ ಜೆರೆಮಿ ಹ್ಯಾನ್ಸನ್ ಅವರೂ ಇದ್ದಾರೆ. ಅವರಿಗೆ ವಹಿಸಿದ ಕೆಲಸ ಚಂದ್ರನನ್ನು ಬಳಸಿ ಬರುವುದು, ಇಳಿಯುವುದಲ್ಲ. ತಡವಾಯಿತೆಂದು ದೂರುವವರು ಕವಚದ ಈ ಸಂಗತಿಯನ್ನು ನೆನೆಯಬೇಕು.

ಅಲ್ಲಿ ತಂಗುವವರಿಗೆ ಇನ್ನೆರಡು ಶತ್ರುಗಳಿವೆ. ಗಾಳಿಯೂ ನೀರೂ ತೀಡದ ಚಂದ್ರನ ಧೂಳು ಗಾಜಿನ ಪುಡಿಯಂತೆ ಹರಿತ. ಅದು ಅಪೊಲೋ ಯಾತ್ರಿಕರ ಉಡುಪನ್ನು ಸವೆಸಿತು, ಸ್ಮಿಟ್ ಅವರ ಮೂಗನ್ನು ಕೆರಳಿಸಿತು. ಎರಡನೆಯದು ಸೂರ್ಯನ ಬಿರುಗಾಳಿ. 1972ರ ಆಗಸ್ಟಿನಲ್ಲಿ ಅಂಥದೊಂದು ಭೀಕರ ಬಿರುಗಾಳಿ ಬೀಸಿತು. ಅಪೊಲೋ 16 ಏಪ್ರಿಲಿನಲ್ಲಿ ಮರಳಿತ್ತು, ಅಪೊಲೋ 17 ಹೊರಡುವುದು ಡಿಸೆಂಬರಿನಲ್ಲಿತ್ತು. ನಡುವೆ ಯಾರೂ ಅಲ್ಲಿರಲಿಲ್ಲವೆಂಬುದು ಅದೃಷ್ಟ. ತಿಂಗಳುಗಟ್ಟಲೆ ಇರಬೇಕೆನ್ನುವವರು ಅದೃಷ್ಟವನ್ನು ನಂಬಿ ಕೂರಲಾಗದು.

ಇಷ್ಟು ಕಷ್ಟಪಟ್ಟು ಮಾನವರೇ ಏಕೆ ಹೋಗಬೇಕು, ಯಂತ್ರ ಸಾಲದೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. 2023ರ ಆಗಸ್ಟ್ 23ರಂದು ಬೆಂಗಳೂರಿನಿಂದ ನಡೆಸಿದ ನಮ್ಮ ಚಂದ್ರಯಾನ 3 ದಕ್ಷಿಣ ಧ್ರುವದತ್ತ ಸುಮಾರು 69 ಡಿಗ್ರಿ ಅಕ್ಷಾಂಶದಲ್ಲಿ ಇಳಿದು, ಅಲ್ಪ ವೆಚ್ಚದಲ್ಲಿ, ಯಾರ ಜೀವಕ್ಕೂ ಅಪಾಯವಿಲ್ಲದೆ ಅಲ್ಲಿನ ಮಣ್ಣಿನಲ್ಲಿ ಗಂಧಕವಿರುವುದನ್ನು ತೋರಿಸಿತು. ಅದರ ಬಂಡಿ ಚಲಿಸಿದುದು ಸುಮಾರು 100 ಮೀಟರ್. ಅಪೊಲೋ 17ರ ಇಬ್ಬರು ಮೂರು ದಿನಗಳಲ್ಲಿ ಸುಮಾರು 35 ಕಿಲೋಮೀಟರ್ ತಿರುಗಿ, ನೂರು ಕಿಲೋಗ್ರಾಂಗೂ ಹೆಚ್ಚು ಕಲ್ಲುಮಣ್ಣನ್ನು ಆರಿಸಿ ತಂದರು. ಯಂತ್ರವು ಅಗ್ಗ, ಮಾನವನು ಚುರುಕು. ಯಂತ್ರವು ಮುಂದೆ ಹೋಗಿ ದಾರಿ ನೋಡಲಿ, ಮಾನವನು ಹಿಂದಿನಿಂದ ಹೋಗಲಿ ಎಂಬುದೇ ನನ್ನ ಅಭಿಪ್ರಾಯ.

ಈಗ ರಾಜ್ಯಶಾಸ್ತ್ರದ ಮಾತು. ನೀರೂ ಬಿಸಿಲೂ ಒಟ್ಟಿಗೆ ಸಿಗುವ ಜಾಗಗಳು ಧ್ರುವದಲ್ಲಿ ಕೆಲವೇ. ಅಮೆರಿಕದ ಜೊತೆಗೆ ಚೀನವೂ 2030ರೊಳಗೆ ತನ್ನವರನ್ನು ಚಂದ್ರನ ಮೇಲಿಳಿಸುವ ಗುರಿಯಿಟ್ಟಿದೆ. ಅಲ್ಲಿ ನೆಲೆಯೊಂದನ್ನು ಕಟ್ಟಲು 2021ರಲ್ಲಿ ರಷ್ಯದೊಡನೆ ಒಪ್ಪಂದ ಮಾಡಿಕೊಂಡಿದೆ. 1967ರ ಬಾಹ್ಯಾಕಾಶ ಒಡಂಬಡಿಕೆಯ ಪ್ರಕಾರ ಚಂದ್ರನ ನೆಲವನ್ನು ಯಾವ ರಾಷ್ಟ್ರವೂ ತನ್ನದೆನ್ನುವಂತಿಲ್ಲ. ಆದರೆ ನೆಲವು ಯಾರದೂ ಅಲ್ಲವಾದರೆ, ಅಗೆದು ತೆಗೆದ ನೀರು ಯಾರದು? 2020ರಲ್ಲಿ ಎಂಟು ರಾಷ್ಟ್ರಗಳಿಂದ ಆರಂಭವಾದ ಆರ್ಟೆಮಿಸ್ ಒಪ್ಪಂದವು, ಅಂಥ ಬಳಕೆ ನ್ಯಾಯವಾದುದೆಂದೂ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡಬರದಂತೆ ಸುರಕ್ಷಾ ವಲಯಗಳಿರಬೇಕೆಂದೂ ಹೇಳುತ್ತದೆ. ಭಾರತವು 2023ರ ಜೂನಿನಲ್ಲಿ ಅದಕ್ಕೆ ಸಹಿ ಹಾಕಿತು. ಚೀನವೂ ರಷ್ಯವೂ ಹಾಕಿಲ್ಲ.

ನಮ್ಮ ಹಳ್ಳಿಗಳಲ್ಲಿ ಕೆರೆ ಕಟ್ಟಿದವರು ನೀರಗಂಟಿಯನ್ನೂ ನೇಮಿಸಿದರು. ಯಾರ ಗದ್ದೆಗೆ ಯಾವಾಗ ಎಷ್ಟು ನೀರೆಂಬುದನ್ನು ಅವನು ನೋಡಿಕೊಂಡನು; ಅವನಿಲ್ಲದಲ್ಲಿ ತೂಬಿನ ಬಳಿ ಜಗಳ ತಪ್ಪಲಿಲ್ಲ. ಚಂದ್ರನಲ್ಲಿ ಕೆರೆಯೇನೋ ಸಿಕ್ಕಿದೆ, ನೀರಗಂಟಿ ಇನ್ನೂ ಇಲ್ಲ. ಎಲ್ಲರೂ ಒಪ್ಪುವ ಕಟ್ಟಳೆಯಿಲ್ಲದೆ ಮೊದಲು ತಲಪಿದವನದೇ ನೀರೆಂದಾದರೆ, ಈ ಯಾತ್ರೆಯೂ ಹಳೆಯ ಪಂತವೇ ಆಗುತ್ತದೆ. ಪಂತವು ಮುಗಿದೊಡನೆ ಹಿಂದಿನಂತೆಯೇ ಬೊಕ್ಕಸ ಮುಚ್ಚುತ್ತದೆ, ಚಂದ್ರನು ಮತ್ತೆ ಬರಿದಾಗುತ್ತಾನೆ.

ಭಾರತವೂ 2040ರೊಳಗೆ ತನ್ನವರೊಬ್ಬರನ್ನು ಚಂದ್ರನ ಮೇಲಿಳಿಸುವ ಗುರಿಯನ್ನು ಇಟ್ಟುಕೊಂಡಿದೆ. ಆ ರಾಕೆಟ್ಟನ್ನು ಕಟ್ಟುವವರು ವಿಜ್ಞಾನದ, ತಾಂತ್ರಿಕ ಕಾಲೇಜುಗಳಿಂದ ಬರುವರು. ಆದರೆ ನೀರನ್ನು ಹಂಚುವ ಕಟ್ಟಳೆಯನ್ನು ಬರೆಯುವವರು, ಅದಕ್ಕಾಗಿ ಬೇರೆ ದೇಶದವರೊಡನೆ ವಾದಿಸುವವರು, ಈ ವೆಚ್ಚವು ಸರಿಯೇ ಎಂದು ಸಂಸತ್ತಿನಲ್ಲಿ ಪ್ರಶ್ನಿಸುವವರು ನಮ್ಮಂಥ ಕಲಾಶಾಲೆಗಳಿಂದಲೇ ಬರಬೇಕು. ಆದುದರಿಂದ ಚಂದ್ರಯಾತ್ರೆಯ ವಾರ್ತೆ ಬಂದಾಗ ಇದು ವಿಜ್ಞಾನದವರ ವಿಷಯವೆಂದು ಪುಟ ಮಗುಚದಿರಿ ಎಂದು ನನ್ನ ಸಹಪಾಠಿಗಳಲ್ಲಿ ವಿನಂತಿಸಿ, ಈ ಲೇಖನವನ್ನು ಮುಗಿಸುತ್ತೇನೆ.